ಹೊಸ ಕಂಪ್ಯೂಟರಿನಲ್ಲಿ ಇ-ಮೇಲ್: ಎರಡನೆಯ ಕೀಲಿ ಯಾರ ಬಳಿ ಇದೆ?

ಕಾಣಿಕೆಯ ರಸೀದಿ, ಆದಾಯ ತೆರಿಗೆ ಇಲಾಖೆಯ ಸೂಚನಾಪತ್ರ, ಪ್ರಸಾದ ನಿಲಯದ ಮಕ್ಕಳ ವಿದ್ಯಾರ್ಥಿವೇತನದ ವಿವರ, ಬಸವ ಜಯಂತಿಯ ಆಮಂತ್ರಣ ಪತ್ರಿಕೆಯ ಕರಡು, ಸಂಘದ ನೋಂದಣಿ ನವೀಕರಣದ ಕಾಗದ, ಇವೆಲ್ಲವೂ ಇಂದು ಇ-ಮೇಲ್ ಮೂಲಕ ಬಂದು ಸೇರುತ್ತಿವೆ. ಹಿಂದೆ ಕಬ್ಬಿಣದ ಕಪಾಟಿನಲ್ಲಿ ಇರುತ್ತಿದ್ದ ಕಡತಗಳು ಈಗ ಕಣ್ಣಿಗೆ ಕಾಣದ ಒಂದು ಖಾತೆಯಲ್ಲಿವೆ. ಕಪಾಟಿನ ಕೀಲಿ ಕಳೆದರೆ ಕಮ್ಮಾರರನ್ನು ಕರೆಸಬಹುದು. ಈ ಖಾತೆಯ ಕೀಲಿ ಕಳೆದರೆ ಕರೆಸಲು ಯಾರೂ ಇಲ್ಲ.

ಬಸವಕಲ್ಯಾಣ ಮತ್ತು ಹುಮನಾಬಾದ ಭಾಗದ ಸಂಘಗಳ ಪದಾಧಿಕಾರಿಗಳೂ ಭಕ್ತರೂ ಈ ವಿಷಯವಾಗಿ ನಮ್ಮನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಬಗೆಯದು. ಹೊಸ ಕಂಪ್ಯೂಟರ್ ತಂದಿದ್ದೇವೆ, ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ಇ-ಮೇಲ್ ತೆರೆಯುತ್ತಿಲ್ಲ, ಏನೋ ಕೋಡ್ ಕೇಳುತ್ತಿದೆ ಎಂಬುದೇ ಆ ದೂರು. ಇದು ಯಂತ್ರದ ದೋಷವೆಂದು ಹಲವರು ಭಾವಿಸುತ್ತಾರೆ. ನಮ್ಮ ಅನಿಸಿಕೆಯಲ್ಲಿ ಬಹುಪಾಲು ಸಂದರ್ಭಗಳಲ್ಲಿ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಖಾತೆಯ ಎರಡನೆಯ ಕೀಲಿ ಯಾರ ಬಳಿ ಇದೆ ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಸವಕಲ್ಯಾಣದ ಸಂಘವೊಂದರ ಇ-ಮೇಲ್ ಖಾತೆಯನ್ನು ಕೆಲವು ವರ್ಷಗಳ ಹಿಂದೆ ಕಂಪ್ಯೂಟರ್ ಬಲ್ಲ ಯುವಕರೊಬ್ಬರು ತೆರೆದುಕೊಟ್ಟರು. ಆಗ ಕೊಟ್ಟ ಮೊಬೈಲ್ ಸಂಖ್ಯೆ ಅವರದೇ. ಹೆದ್ದಾರಿ 65 ನಮ್ಮ ಭಾಗದ ಮಕ್ಕಳನ್ನು ಒಂದು ಕಡೆ ಹೈದರಾಬಾದಿಗೂ ಇನ್ನೊಂದು ಕಡೆ ಸೊಲ್ಲಾಪುರ, ಪುಣೆಗಳಿಗೂ ಕರೆದೊಯ್ಯುತ್ತದೆ. ಆ ಯುವಕರೂ ಹಾಗೆಯೇ ನೌಕರಿಗೆ ಹೋದರು. ಹಳೆಯ ಕಂಪ್ಯೂಟರಿನಲ್ಲಿ ಖಾತೆ ಸದಾ ತೆರೆದೇ ಇದ್ದುದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಈಗ ಹುಮನಾಬಾದದಲ್ಲಿ ಹೊಸ ಶಾಖೆ ತೆರೆದು, ಅಲ್ಲಿಗೆ ಹೊಸ ಕಂಪ್ಯೂಟರ್ ಇಟ್ಟು, ಅದೇ ಇ-ಮೇಲ್ ತೆರೆಯಲು ಕಾರ್ಯದರ್ಶಿಗಳು ಕುಳಿತಿದ್ದಾರೆ. ಪಾಸ್‌ವರ್ಡ್ ಒತ್ತಿದೊಡನೆ ತಮ್ಮ ಫೋನ್ ನೋಡಿ ಎಂಬ ಸೂಚನೆ ಬರುತ್ತದೆ. ಯಾವ ಫೋನ್? ಅದು ಪುಣೆಯಲ್ಲಿ ಯಾರದೋ ಜೇಬಿನಲ್ಲಿದೆ.

ಇದರ ಹಿಂದಿನ ತತ್ತ್ವ ಸರಳವಾದುದು. ಬ್ಯಾಂಕಿನ ಲಾಕರ್ ತೆರೆಯಲು ನಮ್ಮ ಕೀಲಿಯ ಜೊತೆಗೆ ಬ್ಯಾಂಕಿನವರ ಕೀಲಿಯೂ ಬೇಕಾಗುತ್ತದೆ. ಒಂದು ಕೀಲಿ ಕಳ್ಳನ ಕೈಸೇರಿದರೂ ಲಾಕರ್ ತೆರೆಯದು. ಎರಡು ಹಂತದ ಪರಿಶೀಲನೆಯೂ ಇಂಥದೇ. ಪಾಸ್‌ವರ್ಡ್ ಎಂಬುದು ನಮಗೆ ತಿಳಿದಿರುವ ಸಂಗತಿ, ಫೋನ್ ಎಂಬುದು ನಮ್ಮ ಕೈಯಲ್ಲಿರುವ ವಸ್ತು. ತಿಳಿದಿರುವುದನ್ನು ದೂರದಲ್ಲಿ ಕುಳಿತವನೂ ಕದಿಯಬಹುದು. ಕೈಯಲ್ಲಿರುವ ವಸ್ತುವನ್ನು ಕದಿಯಲು ಹತ್ತಿರ ಬರಬೇಕು. ಗೂಗಲ್ ಸಂಸ್ಥೆ ಈ ವ್ಯವಸ್ಥೆಯನ್ನು 2011ರಲ್ಲಿ ಎಲ್ಲ ಖಾತೆದಾರರಿಗೂ ತೆರೆದಿಟ್ಟಿತು. 2021ರ ಕೊನೆಯ ವೇಳೆಗೆ ಸುಮಾರು 15 ಕೋಟಿ ಖಾತೆಗಳಿಗೆ ತಾನಾಗಿಯೇ ಅದನ್ನು ಅಳವಡಿಸಿತು. ಹಾಗೆ ಅಳವಡಿಸಿದ ಖಾತೆಗಳಲ್ಲಿ ಕಳ್ಳರ ವಶವಾದವುಗಳ ಪ್ರಮಾಣ ಅರ್ಧಕ್ಕೆ ಇಳಿಯಿತೆಂದು ಸಂಸ್ಥೆ ಅನಂತರ ತಿಳಿಸಿತು. ನಾವು ಯಾರೂ ಇದನ್ನು ಕೇಳಿಯೇ ಇರಲಿಲ್ಲ, ಹೇಗೆ ಬಂತು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಮೊದಲು ತಿಳಿಯಬೇಕಾದುದು: ಎಲ್ಲಿ ತಡೆಯಾಯಿತು?

ಸಮಸ್ಯೆಯನ್ನು ಬಿಡಿಸಲು ಹೊರಡುವ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು. ಬ್ರೌಸರಿನಲ್ಲಿ ಖಾತೆ ತೆರೆಯುವಾಗ ಕೋಡ್ ಬಾರದೆ ತಡೆಯಾಗಿದೆಯೇ? ಬ್ರೌಸರಿನಲ್ಲಿ ಸರಿಯಾಗಿ ತೆರೆದು, ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಂತಹ ಪ್ರೋಗ್ರಾಮಿನಲ್ಲಿ ಮಾತ್ರ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆಯೇ? ಅಥವಾ ಕೋಡ್ ಬಂದರೂ ಅದು ಸರಿಯಲ್ಲ ಎನ್ನುತ್ತಿದೆಯೇ? ಈ ಮೂರಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಇದನ್ನು ನೋಡದೆ ಪಾಸ್‌ವರ್ಡ್ ಬದಲಿಸಲು ಹೊರಡುವುದು ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ. ಅವಸರದಲ್ಲಿ ಪಾಸ್‌ವರ್ಡ್ ಬದಲಿಸಿದರೆ ಬೇರೆ ಕಡೆ ನೆಟ್ಟಗೆ ನಡೆಯುತ್ತಿದ್ದುದೂ ನಿಂತುಹೋಗಬಹುದು.

ಕೋಡ್ ಬಾರದಿರುವ ಪ್ರಸಂಗವನ್ನು ಮೊದಲು ನೋಡೋಣ. ಪರದೆಯ ಮೇಲೆ ಬರೆದಿರುವುದನ್ನು ನಿಧಾನವಾಗಿ ಓದಬೇಕು. ಎಸ್‌ಎಂಎಸ್ ಕಳುಹಿಸಿದ್ದೇವೆ ಎಂದಿದ್ದರೆ ಯಾವ ಸಂಖ್ಯೆಗೆ ಎಂಬುದರ ಕೊನೆಯ ಎರಡು ಅಂಕಿಗಳು ಅಲ್ಲಿ ಕಾಣುತ್ತವೆ. ಆ ಅಂಕಿಗಳು ಸಂಘದ ಯಾವ ಸದಸ್ಯರ ಸಂಖ್ಯೆಗೆ ಹೊಂದುತ್ತವೆ ಎಂದು ಪಟ್ಟಿಯಲ್ಲಿ ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಫೋನಿಗೆ ಸೂಚನೆ ಕಳುಹಿಸಿದ್ದೇವೆ, ಹೌದು ಎಂದು ಒತ್ತಿರಿ ಎಂದಿದ್ದರೆ ಅದು ಎಸ್‌ಎಂಎಸ್ ಅಲ್ಲ. ಅದು ಇಂಟರ್ನೆಟ್ ಮೂಲಕ, ಆ ಖಾತೆಯನ್ನು ಮೊದಲೇ ತೆರೆದಿಟ್ಟಿರುವ ಸ್ಮಾರ್ಟ್‌ಫೋನಿಗೆ ಹೋಗುತ್ತದೆ. ಆ ಫೋನಿನಲ್ಲಿ ಡೇಟಾ ಇಲ್ಲದಿದ್ದರೆ ಸೂಚನೆ ಬಾರದು. ಕೆಲವೊಮ್ಮೆ ಕಂಪ್ಯೂಟರಿನಲ್ಲಿ ಒಂದು ಅಂಕಿ ತೋರಿಸಿ, ಫೋನಿನಲ್ಲಿ ಕಾಣುವ ಅಂಕಿಗಳಲ್ಲಿ ಅದನ್ನೇ ಆರಿಸಬೇಕೆಂದು ಕೇಳುತ್ತದೆ. ಎರಡೂ ಪರದೆಗಳನ್ನು ಒಟ್ಟಿಗೆ ನೋಡಬಲ್ಲವರೇ ಇದನ್ನು ಮಾಡಬೇಕಾಗುತ್ತದೆ.

ಬಂದ ತಡೆಯ ಕೆಳಗೆ ಬೇರೆ ವಿಧಾನದಿಂದ ಪ್ರಯತ್ನಿಸಿ ಎಂಬ ಅರ್ಥದ ಸಾಲೊಂದು ಇರುತ್ತದೆ. ಅನೇಕರು ಅದನ್ನು ಗಮನಿಸುವುದಿಲ್ಲ. ಅದನ್ನು ಒತ್ತಿದರೆ ಆ ಖಾತೆಗೆ ಜೋಡಿಸಿರುವ ಉಳಿದ ದಾರಿಗಳು ಕಾಣುತ್ತವೆ: ಇನ್ನೊಂದು ಫೋನ್ ಸಂಖ್ಯೆ, ಬ್ಯಾಕಪ್ ಕೋಡ್, ಫೋನ್ ಕರೆಯ ಮೂಲಕ ಕೋಡ್ ಕೇಳುವ ಅವಕಾಶ ಮೊದಲಾದವು. ಪದೇ ಪದೇ ಹೊಸ ಕೋಡ್ ತರಿಸುವುದು ಸಲ್ಲದು. ನಾಲ್ಕು ಕೋಡ್ ಕೇಳಿ, ತಡವಾಗಿ ಬಂದ ಮೊದಲನೆಯದನ್ನು ಒತ್ತಿದರೆ ಅದು ನಡೆಯದಿರಬಹುದು. ಕೊನೆಗೆ ಬಹಳ ಬಾರಿ ಪ್ರಯತ್ನಿಸಿದ್ದೀರಿ ಎಂದು ಖಾತೆ ಕೆಲಹೊತ್ತು ಮುಚ್ಚಿಕೊಳ್ಳುತ್ತದೆ. ಹಾಗಾದಾಗ ಆ ದಿನ ಬಿಟ್ಟು ಮರುದಿನ ಕೂರುವುದೇ ಒಳಿತು.

ಫೋನ್ ಕಳೆದು ಬದಲಿ ಸಿಮ್ ತೆಗೆದುಕೊಂಡವರು ಇನ್ನೊಂದು ನಿಯಮ ತಿಳಿದಿರಬೇಕು. ಬದಲಿ ಸಿಮ್ ಚಾಲ್ತಿಗೆ ಬಂದ ಮೊದಲ 24 ಗಂಟೆಗಳ ಕಾಲ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಇದು ದೂರಸಂಪರ್ಕ ಇಲಾಖೆಯೇ ವಂಚಕರನ್ನು ತಡೆಯಲೆಂದು ಮಾಡಿರುವ ಏರ್ಪಾಟು. ಬೆಳಗ್ಗೆ ಸಿಮ್ ಪಡೆದು ಮಧ್ಯಾಹ್ನ ಕೋಡ್ ಬರಲಿಲ್ಲವೆಂದು ಅಂಗಡಿಯವರೊಡನೆ ವಾದಿಸುವುದರಿಂದ ಪ್ರಯೋಜನವಿಲ್ಲ.

ಇಲ್ಲಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಹಳೆಯ ಕಂಪ್ಯೂಟರ್ ಇನ್ನೂ ಇದ್ದು, ಅದರಲ್ಲಿ ಖಾತೆ ತೆರೆದೇ ಇದ್ದರೆ, ಅದೇ ಸಂಘದ ಬಳಿ ಉಳಿದಿರುವ ದೊಡ್ಡ ಆಸ್ತಿ. ಹೊಸದು ಬಂದ ಸಂಭ್ರಮದಲ್ಲಿ ಹಳೆಯದನ್ನು ಗುಜರಿಗೆ ಹಾಕುವುದು, ಮಕ್ಕಳ ಆಟಕ್ಕೆಂದು ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸುವುದು ಎಷ್ಟು ಮಾತ್ರಕ್ಕೂ ಕೂಡದು. ಆ ಕಂಪ್ಯೂಟರ್ ಖಾತೆಗೆ ಪರಿಚಿತವಾದುದು. ಅಲ್ಲಿಂದ ಖಾತೆಯ ಭದ್ರತಾ ಸೆಟ್ಟಿಂಗಿಗೆ ಹೋದರೆ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳಿ ಒಳಗೆ ಬಿಡುತ್ತದೆ. ಅಲ್ಲಿ ಹೊಸ ಫೋನ್ ಸಂಖ್ಯೆ ಸೇರಿಸಬಹುದು, ಬ್ಯಾಕಪ್ ಕೋಡುಗಳನ್ನು ಮುದ್ರಿಸಿಕೊಳ್ಳಬಹುದು. ಗೂಗಲ್ ಖಾತೆಯಲ್ಲಿ ಇವು ಎಂಟು ಅಂಕಿಗಳ 10 ಕೋಡುಗಳು. ಒಂದೊಂದು ಒಮ್ಮೆ ಮಾತ್ರ ನಡೆಯುತ್ತದೆ. ಹೊಸ ಹತ್ತನ್ನು ತೆಗೆದರೆ ಹಳೆಯ ಹತ್ತೂ ನಿರುಪಯುಕ್ತವಾಗುತ್ತವೆ. ಅಂಥ ಒಂದು ಹಾಳೆ ಕೈಯಲ್ಲಿದ್ದರೆ ಹುಮನಾಬಾದದ ಹೊಸ ಕಂಪ್ಯೂಟರಿನಲ್ಲಿ ಖಾತೆ ತೆರೆಯಲು ಐದು ನಿಮಿಷ ಸಾಕು, ಯಾರ ಫೋನೂ ಬೇಡ.

ಪಾಸ್‌ವರ್ಡ್ ಸರಿ, ಔಟ್‌ಲುಕ್ ಮಾತ್ರ ಒಪ್ಪುತ್ತಿಲ್ಲ

ಅತ್ಯಂತ ಗೊಂದಲ ಹುಟ್ಟಿಸುವುದು ಇದೇ. ಬ್ರೌಸರಿನಲ್ಲಿ ಪತ್ರಗಳೆಲ್ಲ ಕಾಣುತ್ತಿವೆ. ಅದೇ ವಿಳಾಸ, ಅದೇ ಪಾಸ್‌ವರ್ಡ್ ಅನ್ನು ಔಟ್‌ಲುಕ್‌ನಲ್ಲಿ ಕೊಟ್ಟರೆ ಮತ್ತೆ ಮತ್ತೆ ಅದೇ ಪೆಟ್ಟಿಗೆ ಮೇಲೆದ್ದು ಪಾಸ್‌ವರ್ಡ್ ಕೇಳುತ್ತದೆ. ಕಾರಣವೇನೆಂದರೆ, ಹಳೆಯ ಕಾಲದ ಇ-ಮೇಲ್ ಪ್ರೋಗ್ರಾಮುಗಳಲ್ಲಿ ವಿಳಾಸಕ್ಕೊಂದು ಪಾಸ್‌ವರ್ಡಿಗೊಂದು ಎಂದು ಎರಡೇ ಸ್ಥಳಗಳಿವೆ. ಎರಡನೆಯ ಕೀಲಿಯನ್ನು ಕೇಳಲು ಅಲ್ಲಿ ಜಾಗವೇ ಇಲ್ಲ. ಹೀಗಾಗಿ 2022ರ ಮೇ 30ರಿಂದ ಗೂಗಲ್ ಸಂಸ್ಥೆ ಅಂಥ ಪ್ರೋಗ್ರಾಮುಗಳಿಂದ ಬರುವ ಖಾತೆಯ ಪಾಸ್‌ವರ್ಡನ್ನು ಸ್ವೀಕರಿಸುವುದನ್ನು ವೈಯಕ್ತಿಕ ಖಾತೆಗಳಲ್ಲಿ ನಿಲ್ಲಿಸತೊಡಗಿತು. ಹಾಟ್‌ಮೇಲ್, ಔಟ್‌ಲುಕ್ ವಿಳಾಸಗಳ ವಿಷಯದಲ್ಲಿ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಂದು ಇದೇ ಕ್ರಮ ಕೈಗೊಂಡಿತು.

ಪರಿಹಾರ ಎರಡು ಬಗೆ. ಹೊಸ ಪ್ರೋಗ್ರಾಮ್ ಇದ್ದರೆ ಅದು ವಿಳಾಸ ಕೊಟ್ಟೊಡನೆ ಗೂಗಲ್‌ನದೇ ಚಿಕ್ಕ ಕಿಟಕಿಯೊಂದನ್ನು ತೆರೆಯುತ್ತದೆ. ಪಾಸ್‌ವರ್ಡನ್ನೂ ಎರಡನೆಯ ಹಂತವನ್ನೂ ಆ ಕಿಟಕಿಯಲ್ಲೇ ಮುಗಿಸಿ, ಅನುಮತಿ ಕೊಟ್ಟರೆ ಆಯಿತು. ಥಂಡರ್‌ಬರ್ಡ್‌ನಲ್ಲಿ ದೃಢೀಕರಣದ ವಿಧಾನ ಎಂಬಲ್ಲಿ ಓಆತ್2 ಎಂಬುದನ್ನು ಆರಿಸಿರಬೇಕು. ಹಳೆಯ ಕಂಪ್ಯೂಟರಿನಿಂದ ಸೆಟ್ಟಿಂಗುಗಳನ್ನು ಹಾಗೆಯೇ ನಕಲು ಮಾಡಿ ತಂದವರಲ್ಲಿ ಅಲ್ಲಿ ಹಳೆಯ ವಿಧಾನವೇ ಉಳಿದಿರುತ್ತದೆ.

ಪ್ರೋಗ್ರಾಮ್ ಹಳೆಯದಾಗಿದ್ದು, ಖಾತೆ ಜಿಮೇಲ್ ಆಗಿದ್ದರೆ ಆ್ಯಪ್ ಪಾಸ್‌ವರ್ಡ್ ಎಂಬ ದಾರಿಯಿದೆ. ಬ್ರೌಸರಿನಲ್ಲಿ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಇದನ್ನು ಪಡೆಯಬೇಕು. ಎರಡು ಹಂತದ ಪರಿಶೀಲನೆ ಚಾಲ್ತಿಯಲ್ಲಿದ್ದರೆ ಮಾತ್ರ ಈ ಸೌಲಭ್ಯ ಕಾಣುತ್ತದೆ. ಹದಿನಾರು ಅಕ್ಷರಗಳ ಒಂದು ಪದ ತೆರೆಯ ಮೇಲೆ ಬರುತ್ತದೆ. ಔಟ್‌ಲುಕ್ ಕೇಳುವ ಪಾಸ್‌ವರ್ಡಿನ ಜಾಗದಲ್ಲಿ ನಮ್ಮ ಎಂದಿನ ಪಾಸ್‌ವರ್ಡಿನ ಬದಲು ಇದನ್ನು ಕೊಡಬೇಕು. ಅದು ಒಮ್ಮೆ ಮಾತ್ರ ಕಾಣುತ್ತದೆ, ಕಿಟಕಿ ಮುಚ್ಚಿದ ಮೇಲೆ ಮತ್ತೆ ನೋಡಲಾಗದು. ಬೇಕಾದರೆ ಅದನ್ನು ರದ್ದುಮಾಡಿ ಇನ್ನೊಂದನ್ನು ಪಡೆಯಬಹುದು. ಖಾತೆಯ ಮುಖ್ಯ ಪಾಸ್‌ವರ್ಡನ್ನು ಬದಲಿಸಿದರೆ ಆ್ಯಪ್ ಪಾಸ್‌ವರ್ಡುಗಳೆಲ್ಲ ತಾವಾಗಿಯೇ ರದ್ದಾಗುತ್ತವೆ. ಅವಸರದಲ್ಲಿ ಪಾಸ್‌ವರ್ಡ್ ಬದಲಿಸಬೇಡಿರಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಹುಮನಾಬಾದದಲ್ಲಿ ಬದಲಿಸಿದ ಪಾಸ್‌ವರ್ಡ್ ಬಸವಕಲ್ಯಾಣದ ಕಚೇರಿಯ ಔಟ್‌ಲುಕ್ಕನ್ನು ಆ ಕ್ಷಣದಲ್ಲೇ ಮೌನವಾಗಿಸುತ್ತದೆ, ಅಲ್ಲಿಯವರಿಗೆ ಕಾರಣ ತಿಳಿಯುವುದಿಲ್ಲ.

ಇದೇ ಸಂದರ್ಭದಲ್ಲಿ, ಪತ್ರಗಳನ್ನು ತರಿಸುವ ಬಗೆ ಪಾಪ್ ಆಗಬೇಕೋ ಐಮ್ಯಾಪ್ ಆಗಬೇಕೋ ಎಂದು ಪ್ರೋಗ್ರಾಮ್ ಕೇಳಿದರೆ ಐಮ್ಯಾಪ್ ಎಂದೇ ಹೇಳಬೇಕು. ಎರಡು ಊರುಗಳಲ್ಲಿ ಒಂದೇ ಖಾತೆಯನ್ನು ನೋಡುವ ಸಂಘಕ್ಕೆ ಇದು ಮುಖ್ಯ. ಪಾಪ್ ವಿಧಾನದಲ್ಲಿ ಪತ್ರಗಳು ಒಂದು ಕಂಪ್ಯೂಟರಿಗೆ ಇಳಿದು ಅಲ್ಲಿಯೇ ಉಳಿದು, ಇನ್ನೊಂದರಲ್ಲಿ ಕಾಣದೆ ಹೋಗುವ ಸಾಧ್ಯತೆಯುಂಟು.

ಗಡಿಯಾರದ ಸಂಗತಿ

ಕೋಡ್ ಇದ್ದರೂ ಅದು ತಪ್ಪು ಎನ್ನುವ ಮೂರನೆಯ ಪ್ರಸಂಗ ಹೆಚ್ಚಾಗಿ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಬಳಸುವವರದು. ಇದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮೊದಲೇ ಹಂಚಿಕೊಂಡ ಒಂದು ರಹಸ್ಯವನ್ನೂ ಆ ಹೊತ್ತಿನ ಗಂಟೆಯನ್ನೂ ಕೂಡಿಸಿ ಪ್ರತಿ 30 ಸೆಕೆಂಡಿಗೆ ಒಂದರಂತೆ ಹೊಸ ಅಂಕಿ ಹೊರಡಿಸುತ್ತದೆ. ಅತ್ತ ಇ-ಮೇಲ್ ಸಂಸ್ಥೆಯ ಯಂತ್ರವೂ ಅದೇ ಲೆಕ್ಕ ಮಾಡುತ್ತಿರುತ್ತದೆ. ಎರಡೂ ಕಡೆಯ ಗಡಿಯಾರ ಹೊಂದಿದರೆ ಅಂಕಿಯೂ ಹೊಂದುತ್ತದೆ. ಫೋನಿನ ಗಡಿಯಾರವನ್ನು ಕೈಯಿಂದ ಐದು ನಿಮಿಷ ಮುಂದಿಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಹಲವರಿಗಿದೆ. ಅವರ ಕೋಡ್ ಎಂದಿಗೂ ಹೊಂದದು. ಫೋನಿನಲ್ಲಿ ಸಮಯವನ್ನು ನೆಟ್‌ವರ್ಕಿನಿಂದ ತಾನಾಗಿ ಪಡೆಯುವಂತೆ ಮಾಡಿದರೆ ಸಮಸ್ಯೆ ಮುಗಿಯಿತು.

ಕಂಪ್ಯೂಟರಿನ ಗಡಿಯಾರವೂ ಕಾಡುವುದುಂಟು. ಯಾರೋ ಭಕ್ತರು ಸಂಘಕ್ಕೆ ಅರ್ಪಿಸಿದ ಬಳಸಿದ ಕಂಪ್ಯೂಟರಾದರೆ ಅದರೊಳಗಿನ ನಾಣ್ಯದಾಕಾರದ ಚಿಕ್ಕ ಸೆಲ್ ಸತ್ತಿರಬಹುದು. ಆಗ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ, ಬ್ರೌಸರ್ ಯಾವ ಸುರಕ್ಷಿತ ಪುಟವನ್ನೂ ತೆರೆಯದೆ ಎಚ್ಚರಿಕೆ ತೋರಿಸುತ್ತದೆ. ಬದಲಾಯಿಸಬೇಕಾದುದು ಆ ಸೆಲ್ ಮಾತ್ರ. ಅದು ಅಗ್ಗದ ವಸ್ತು.

ಸಂಖ್ಯೆ ಬೇರೆಯವರ ಪಾಲಾದಾಗ

ಸಂಘದ ಖಾತೆಗೆ ಜೋಡಿಸಿದ ಸಂಖ್ಯೆಯ ಹಿರಿಯರು ಲಿಂಗೈಕ್ಯರಾದ ಸಂದರ್ಭ ಎಲ್ಲಕ್ಕಿಂತ ಕಷ್ಟದ್ದು. ಮನೆಯವರು ದುಃಖದಲ್ಲಿರುತ್ತಾರೆ, ಅವರ ಸಿಮ್‌ಗೆ ರೀಚಾರ್ಜ್ ಮಾಡಿಸುವುದು ಯಾರ ನೆನಪಿಗೂ ಬರುವುದಿಲ್ಲ. ಬಳಕೆಯಿಲ್ಲದ ಸಂಖ್ಯೆ ಕಾಲಕ್ರಮೇಣ ರದ್ದಾಗುತ್ತದೆ. ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಕಾಲ ಬೇರೆಯವರಿಗೆ ಕೊಡುವಂತಿಲ್ಲ ಎಂಬುದು ನಿಯಮ. ಆ ಬಳಿಕ ಅದು ಅಪರಿಚಿತರೊಬ್ಬರ ಸಂಖ್ಯೆಯಾಗಬಹುದು. ಅಲ್ಲಿಗೆ ಸಂಘದ ಎರಡನೆಯ ಕೀಲಿ ಆ ಅಪರಿಚಿತರ ಫೋನಿಗೆ ಬರತೊಡಗುತ್ತದೆ. ಆದ್ದರಿಂದ ಇಂಥ ಸಂದರ್ಭದಲ್ಲಿ ಮನೆಯವರ ಅನುಮತಿ ಪಡೆದು ಆ ಸಂಖ್ಯೆಯನ್ನು ಕೆಲ ತಿಂಗಳು ಜೀವಂತವಾಗಿಡಬೇಕು, ಆ ಅವಧಿಯಲ್ಲಿ ಖಾತೆಯನ್ನು ಬೇರೆ ಸಂಖ್ಯೆಗೆ ಬದಲಿಸಿಕೊಳ್ಳಬೇಕು. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಹಿರಿಯರು ನಡೆಸಿದ ಸೇವೆಯ ಕಾಗದಪತ್ರಗಳೇ ಅಲ್ಲಿವೆಯಲ್ಲ! ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ನೀತಿಯನ್ನೂ ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಯಾವ ದಾರಿಯೂ ಉಳಿಯದಿದ್ದರೆ ಖಾತೆ ಮರಳಿ ಪಡೆಯುವ ಪುಟವೊಂದೇ ಗತಿ. ಅದನ್ನು ಹೊಸ ಯಂತ್ರದಿಂದ ಮಾಡಬಾರದು. ಬಸವಕಲ್ಯಾಣದ ಕಚೇರಿಯಲ್ಲೇ, ಎಂದಿನ ಕಂಪ್ಯೂಟರಿನಲ್ಲಿ, ಎಂದಿನ ಬ್ರೌಸರಿನಲ್ಲಿ, ಎಂದಿನ ಇಂಟರ್ನೆಟ್ ಜೋಡಣೆಯಲ್ಲಿ ಕುಳಿತು ಮಾಡಬೇಕು. ಕೇಳುವವರು ನಿಜವಾದ ಖಾತೆದಾರರೇ ಎಂದು ಆ ವ್ಯವಸ್ಥೆ ಅಳೆಯುವುದು ಇಂಥ ಪರಿಚಿತ ಗುರುತುಗಳಿಂದ. ಉತ್ತರ ಬರಲು ಕೆಲವು ದಿನ ಹಿಡಿಯಬಹುದು. ಖಾತೆ ಬಿಡಿಸಿಕೊಡುತ್ತೇವೆ, ಹಣ ಕೊಡಿ ಎಂದು ಫೋನ್ ಸಂಖ್ಯೆ ಹಾಕಿಕೊಂಡಿರುವವರನ್ನು ಎಷ್ಟು ಮಾತ್ರಕ್ಕೂ ನಂಬಬಾರದು. ಹಣ ಕೊಟ್ಟು ಈ ಬಾಗಿಲು ತೆರೆಸಲಾಗದು.

ಇಷ್ಟೆಲ್ಲ ತೊಂದರೆ ಏಕೆ, ಎರಡನೆಯ ಹಂತವನ್ನೇ ತೆಗೆದುಹಾಕಿದರಾಗದೆ ಎಂದು ಕೇಳುವವರಿದ್ದಾರೆ. ನಾವು ಅದಕ್ಕೆ ಒಪ್ಪುವುದಿಲ್ಲ. ಕಾಣಿಕೆ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಸಂಖ್ಯೆಗಳೆಲ್ಲ ಆ ಖಾತೆಯಲ್ಲಿವೆ; ಅವು ಭಕ್ತರು ನಂಬಿ ಒಪ್ಪಿಸಿದ ವಸ್ತುಗಳು. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮೇಲೆ ಆರೋಪ ಬಂದಾಗ ಅವರು ಭಂಡಾರವನ್ನು ತೆರೆದು ಲೆಕ್ಕ ಒಪ್ಪಿಸಿದ ಪ್ರಸಂಗವನ್ನು ಶರಣರ ಚರಿತೆಗಳು ಹೇಳುತ್ತವೆ. ಆ ಕಲ್ಯಾಣದ ನೆಲದಲ್ಲಿ ಕೆಲಸ ಮಾಡುವ ಸಂಘ ತನ್ನ ಕಡತಗಳಿಗೆ ಒಂದೇ ಕೀಲಿ ಸಾಕೆನ್ನುವುದು ಶೋಭೆಯಲ್ಲ. ಎರಡನೆಯ ಕೀಲಿಯೂ ಇರಲಿ, ಅದು ಒಬ್ಬರ ಜೇಬಿನಲ್ಲಿ ಮಾತ್ರ ಇರುವುದು ಬೇಡ. ಖಾತೆಗೆ ಒಂದಕ್ಕಿಂತ ಹೆಚ್ಚು ಸಂಖ್ಯೆಗಳನ್ನು ಜೋಡಿಸಬಹುದು. ಕಾರ್ಯದರ್ಶಿಗಳದೂ ಖಜಾಂಚಿಗಳದೂ ಇರಲಿ. ಬ್ಯಾಕಪ್ ಕೋಡಿನ ಹಾಳೆ ಲಕೋಟೆಯಲ್ಲಿ, ನಡಾವಳಿ ಪುಸ್ತಕದ ಜೊತೆ ಬೀಗದ ಕಪಾಟಿನಲ್ಲಿ ಇರಲಿ. ಪದಾಧಿಕಾರಿಗಳು ಬದಲಾದಾಗ ನಗದು ಪುಸ್ತಕ ಹಸ್ತಾಂತರಿಸುವಂತೆ ಇದನ್ನೂ ಹಸ್ತಾಂತರಿಸಿ, ಹಿಂದಿನವರ ಸಂಖ್ಯೆ ತೆಗೆದು ನಡಾವಳಿಯಲ್ಲಿ ಬರೆದಿಡಬೇಕು.

ಪುಣೆಯಲ್ಲಿರುವ ಯುವಕರಿಂದ ಫೋನಿನಲ್ಲಿ ಕೋಡ್ ಕೇಳಿ ಪಡೆಯುವುದು ಸರಿಯೇ? ಒಮ್ಮೆ, ಅನಿವಾರ್ಯವಾದರೆ, ಕಾರ್ಯದರ್ಶಿಗಳೇ ಅವರ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ಪಡೆಯಬಹುದು. ಅದು ರೂಢಿಯಾಗಬಾರದು. ಇಂದು ಸಂಘದ ಹೆಸರಿನಲ್ಲಿ ಕೋಡ್ ಹೇಳಿ ಅಭ್ಯಾಸವಾದವರು ನಾಳೆ ಸಂಘದ ಹೆಸರು ಹೇಳಿಕೊಂಡು ಕರೆ ಮಾಡುವ ವಂಚಕನಿಗೂ ಹೇಳಿಬಿಡುತ್ತಾರೆ. ಯಾರೂ ಖಾತೆ ತೆರೆಯದಿರುವಾಗ ಫೋನಿಗೆ ಕೋಡ್ ಬಂದರೆ, ಪಾಸ್‌ವರ್ಡ್ ಬೇರೆಯವರಿಗೆ ತಿಳಿದಿರಬಹುದು ಎಂದೇ ಎಣಿಸಬೇಕು. ಪಾಸ್‌ವರ್ಡನ್ನು ತಕ್ಷಣ ಬದಲಿಸಲು ಯೋಗ್ಯವಾದ ಸಂದರ್ಭ ಅದು.

ಈ ಕಂಪ್ಯೂಟರಿನಲ್ಲಿ ಮತ್ತೆ ಕೇಳಬೇಡ ಎಂಬ ಚೌಕದಲ್ಲಿ ಗುರುತು ಹಾಕುವುದು ಸಂಘದ ಸ್ವಂತ ಯಂತ್ರಕ್ಕೆ ಸರಿ. ಅರ್ಜಿ ತುಂಬಿಸಲು ಹೋದ ಆನ್‌ಲೈನ್ ಅಂಗಡಿಯಲ್ಲಿ ಅದನ್ನು ಒತ್ತಬಾರದು, ಕೆಲಸ ಮುಗಿದೊಡನೆ ಖಾತೆಯಿಂದ ಹೊರಬಂದು ಏಳಬೇಕು.

ಕಂಪ್ಯೂಟರ್ ಬದಲಿಸುವ ಕೆಲಸವನ್ನು ಜಾತ್ರೆಯ ವಾರದಲ್ಲಿ, ಬಸವ ಜಯಂತಿಯ ಮುನ್ನಾದಿನ, ಮಾರ್ಚ್ 31ರ ಲೆಕ್ಕದ ಗಡಿಬಿಡಿಯಲ್ಲಿ ಇಟ್ಟುಕೊಳ್ಳದಿರುವುದು ಲೇಸು. ಫೋನ್ ಇರುವವರೂ ಪಾಸ್‌ವರ್ಡ್ ಬಲ್ಲವರೂ ಒಂದೆಡೆ ಕೂರಬಹುದಾದ ದಿನವನ್ನು ಆರಿಸಬೇಕು. ಹೊಸದರಲ್ಲಿ ಎಲ್ಲವೂ ಸರಿಯಾಗಿ ನಡೆದು ಎರಡು ವಾರ ಕಳೆದ ಮೇಲೆ, ಖಾತೆಯ ಭದ್ರತಾ ಪುಟದಲ್ಲಿರುವ ಸಾಧನಗಳ ಪಟ್ಟಿಯಿಂದ ಹಳೆಯ ಕಂಪ್ಯೂಟರನ್ನು ತೆಗೆದು, ಆಮೇಲಷ್ಟೇ ಅದನ್ನು ಅಳಿಸಬೇಕು. ಖಾತೆ ವಂಚಕರ ಪಾಲಾಗಿ ಹಣ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.